ಹೆಸರು ಕೇಳಿದೊಡನೆ ಬಾಗಿಲು ಹಾಕಬೇಡಿ

ರಾಜ್ಯದ ಆರೋಗ್ಯ ಸಚಿವರಿಗೆ, ವೈದ್ಯಕೀಯ ಶಿಕ್ಷಣ ಇಲಾಖೆಯ ಅಧಿಕಾರಿಗಳಿಗೆ, ಮರೆವಿನ ಕಾಯಿಲೆಯವರಿಗೆ ಔಷಧ ಬರೆಯುವ ಎಲ್ಲ ಡಾಕ್ಟರುಗಳಿಗೆ ಒಂದು ಬಹಿರಂಗ ಪತ್ರ



ತುಮಕೂರಿನಿಂದ ಬರೆಯುತ್ತಿದ್ದೇನೆ. ಸರ್ಕಾರಿ ಪ್ರೌಢಶಾಲೆಯಲ್ಲಿ 31 ವರ್ಷ ವಿಜ್ಞಾನ ಪಾಠ ಹೇಳಿ ನಿವೃತ್ತಳಾದವಳು ನಾನು. ನಮ್ಮ ಯಜಮಾನರು ಬಸ್ ಕಂಡಕ್ಟರ್ ಆಗಿದ್ದವರು. ಅವರಿಗೀಗ 73. ಅಲ್ಝೈಮರ್ ಎಂದು ಗೊತ್ತಾಗಿ ಆರು ವರ್ಷವಾಯಿತು.

ಹಗಲೆಲ್ಲ ಅವರು ಸುಮ್ಮನೆ ಕೂತಿರುತ್ತಾರೆ. ಸಂಜೆ ಆರಾಗುತ್ತಿದ್ದಂತೆ ಅವರ ಡ್ಯೂಟಿ ಶುರುವಾಗುತ್ತದೆ. ನಡುಮನೆಯ ಸೋಫಾ, ಕುರ್ಚಿ, ದಿವಾನ ಎಲ್ಲವೂ ಸೀಟುಗಳಾಗುತ್ತವೆ. ಒಂದು ಕೈ ಕಿಟಕಿಯ ಸರಳಿಗೆ, ಇನ್ನೊಂದು ಕೈ ಹೆಗಲಲ್ಲಿಲ್ಲದ ಚೀಲಕ್ಕೆ. "ಏನಮ್ಮಾ, ಟಿಕೆಟ್ ತಗೊಂಡ್ರಾ?" ಎಂದು ನನ್ನನ್ನು ಕೇಳುತ್ತಾರೆ. ತಗೊಂಡೆ ಎಂದರೆ ತೋರಿಸಿ ಎನ್ನುತ್ತಾರೆ. ಅದಕ್ಕೆಂದೇ ಹಳೆಯ ಟಿಕೆಟ್ಟುಗಳ ಕಟ್ಟೊಂದನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡಿರುತ್ತೇನೆ. ಕೆಲವು ದಿನ ಅದರಿಂದ ಸಮಾಧಾನವಾಗುತ್ತದೆ. ಇನ್ನು ಕೆಲವು ದಿನ ಯಾವ ಟಿಕೆಟ್ಟೂ ನಡೆಯುವುದಿಲ್ಲ. "ಇಳೀರಿ ಕೆಳಗೆ" ಎಂದು ಕೂಗುತ್ತಾ ರಟ್ಟೆ ಹಿಡಿದು ಬಾಗಿಲ ಕಡೆ ನೂಕುತ್ತಾರೆ. ಸರ್ವಿಸ್ಸಿನ ಉದ್ದಕ್ಕೂ ಒಬ್ಬ ಪ್ರಯಾಣಿಕನ ಮೇಲೂ ಕೈ ಮಾಡದಿದ್ದ ಮನುಷ್ಯ. ಹೋದ ಶ್ರಾವಣದಲ್ಲಿ ಹಾಗೆ ನೂಕಿದಾಗ ಹೊಸ್ತಿಲ ಮೇಲೆ ಬಿದ್ದು ನನ್ನ ಮಣಿಕಟ್ಟು ಮುರಿಯಿತು. ಬೆಳಗ್ಗೆ ಪಟ್ಟಿ ನೋಡಿ, "ಏನಾಯ್ತೇ, ಎಲ್ಲಿ ಬಿದ್ದೆ?" ಎಂದು ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಸವರಿದರು.

ಅರವತ್ತಕ್ಕೆ ಅರಳುಮರಳು ಎಂಬ ನಮ್ಮ ಗಾದೆ ಈ ಕಾಯಿಲೆಗೆ ಬಹಳ ಅನ್ಯಾಯ ಮಾಡಿದೆ. ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಎಂದು ಅದು ಎಲ್ಲರ ಬಾಯಿ ಮುಚ್ಚಿಸುತ್ತದೆ. ಇದ್ದದ್ದೇ ಅಲ್ಲ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಪ್ರಕಾರ, ದೇಶದಲ್ಲಿ 60 ದಾಟಿದವರಲ್ಲಿ ನೂರಕ್ಕೆ ಏಳಕ್ಕಿಂತ ಸ್ವಲ್ಪ ಹೆಚ್ಚು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಷಿಯಾ ಇದೆ. ಉಳಿದವರಿಗೆ ಇಲ್ಲ. ಇದು ಮೆದುಳಿನ ರೋಗ. ಮರೆವು ಅದರ ಒಂದು ಮುಖ ಮಾತ್ರ. ಮರೆವನ್ನು ಮನೆಯವರು ಹೇಗೋ ತೂಗಿಸುತ್ತೇವೆ: ಹೆಸರು ಮರೆತರೆ ನಾವು ಹೇಳುತ್ತೇವೆ, ಉಂಡದ್ದು ಮರೆತರೆ ಇನ್ನೊಂದು ತುತ್ತು ಹಾಕುತ್ತೇವೆ. ಮನೆಯನ್ನು ಮುರಿಯುವುದು ಇನ್ನೊಂದು ಮುಖ: ತಳಮಳ, ಕೂಗಾಟ, ಹೊಡೆತ, ರಾತ್ರಿಯಿಡೀ ಓಡಾಟ, ಯಾರೋ ಕದ್ದರು ಎಂಬ ಸಂಶಯ. ನೆನಪಿಗಾಗಿ ಕೊಡುವ ಡೊನೆಪೆಜಿಲ್, ಮೆಮ್ಯಾಂಟೀನ್ ಮಾತ್ರೆಗಳು ಈ ಮುಖಕ್ಕೆ ಹೆಚ್ಚೇನೂ ಮಾಡುವುದಿಲ್ಲ.

ನನ್ನ ಅಹವಾಲು ಈ ಸಂಜೆಗಳ ಬಗ್ಗೆ. ಸಂಜೆಗಳಿಗೆ ಏನು ಕೊಡುತ್ತಾರೆ, ಏನು ಕೊಡುವುದಿಲ್ಲ, ಯಾವುದರ ಹೆಸರು ಎತ್ತುವುದಕ್ಕೂ ಬಿಡುವುದಿಲ್ಲ ಎಂಬುದರ ಬಗ್ಗೆ.

ಮೂರು ವರ್ಷದ ಹಿಂದೆ ಅವರ ಆರ್ಭಟ ಹೆಚ್ಚಾದಾಗ ಒಬ್ಬ ತಜ್ಞರ ಬಳಿ ಕರೆದುಕೊಂಡು ಹೋಗಿದ್ದೆ. ನಾನು ಹೇಳಿ ಮುಗಿಸುವ ಮೊದಲೇ ಚೀಟಿಯಲ್ಲಿ ರಿಸ್ಪೆರಿಡೋನ್ ಬರೆದಾಗಿತ್ತು. "ರಾತ್ರಿ ಹೊತ್ತು ಒಂದು, ಅಜ್ಜ ತಣ್ಣಗಾಗ್ತಾರೆ" ಎಂದರು. ತಣ್ಣಗಾದರು. ಎರಡನೆಯ ವಾರಕ್ಕೆ ಕೈಕಾಲು ಸೆಟೆದುಕೊಂಡವು, ಕಟವಾಯಿಂದ ಜೊಲ್ಲು ಸುರಿಯತೊಡಗಿತು, ಹೆಜ್ಜೆ ಎತ್ತಿಡಲಾಗದೆ ಕಾಲೆಳೆಯತೊಡಗಿದರು. ನಾಲ್ಕನೆಯ ವಾರ ಬಚ್ಚಲಿನಲ್ಲಿ ಬಿದ್ದು ಹಣೆಗೆ ಏಳು ಹೊಲಿಗೆ ಬಿದ್ದವು. ಮಾತ್ರೆಯ ಪೆಟ್ಟಿಗೆಯೊಳಗಿನ ಮಡಚಿದ ಕಾಗದ ಬಿಡಿಸಿ ಓದಿದ್ದು ಅಂದು ರಾತ್ರಿ, ಆಸ್ಪತ್ರೆಯ ಬೆಂಚಿನ ಮೇಲೆ. ಇಡೀ ಆಯುಷ್ಯ ಮಕ್ಕಳಿಗೆ 'ಲೇಬಲ್ ಓದದೆ ಸೀಸೆ ಮುಟ್ಟಬೇಡಿ' ಎಂದು ಹೇಳಿದವಳು ನಾನು. ನಾಲ್ಕು ವಾರ ಓದದೆ ಕೊಟ್ಟಿದ್ದೆ ಎಂಬುದು ಇವತ್ತಿಗೂ ಚುಚ್ಚುತ್ತದೆ.

ಅದರಲ್ಲಿ ಇದ್ದದ್ದು ಹೊಸ ವಿಷಯವಲ್ಲ. ರಿಸ್ಪೆರಿಡೋನ್, ಒಲಾಂಜಪೀನ್, ಕ್ವೆಟಿಯಪೀನ್ ಮೊದಲಾದ ಮನೋವಿಕಾರದ ಔಷಧಗಳು ಡಿಮೆನ್ಷಿಯಾ ಇರುವ ವೃದ್ಧರಲ್ಲಿ ಸಾವಿನ ಅಪಾಯ ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿತು. 17 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಹತ್ತು ವಾರಗಳ ಅವಧಿಯಲ್ಲಿ ಹುಸಿಮಾತ್ರೆ ತೆಗೆದುಕೊಂಡವರಲ್ಲಿ ನೂರಕ್ಕೆ 2.6 ಮಂದಿ ಸತ್ತಿದ್ದರೆ, ಈ ಔಷಧ ತೆಗೆದುಕೊಂಡವರಲ್ಲಿ 4.5 ಮಂದಿ. ಹಾಲೋಪೆರಿಡಾಲ್‌ನಂಥ ಹಳೆಯ ಔಷಧಗಳಿಗೂ 2008ರಲ್ಲಿ ಅದೇ ಎಚ್ಚರಿಕೆ ಬಂತು. ಬ್ರಿಟನ್ನಿನಲ್ಲಿ ರಿಸ್ಪೆರಿಡೋನನ್ನು ಅಲ್ಝೈಮರ್ ರೋಗಿಗೆ ಆರು ವಾರಕ್ಕಿಂತ ಹೆಚ್ಚು ಕೊಡಲು ಪರವಾನಗಿ ಇಲ್ಲ. ನಮ್ಮ ಚೀಟಿಯಲ್ಲಿ ಎಷ್ಟು ವಾರ ಎಂದು ಬರೆದೇ ಇರಲಿಲ್ಲ.

ಈ ಔಷಧಗಳನ್ನು ನಿಷೇಧಿಸಿ ಎಂದು ಕೇಳುತ್ತಿಲ್ಲ. ಕೆಲವು ಮನೆಗಳಲ್ಲಿ ಬೇರೆ ದಾರಿ ಇರುವುದಿಲ್ಲ, ಅದು ನನಗೆ ಗೊತ್ತು. ಇಷ್ಟು ಅಪಾಯವಿರುವ ಮಾತ್ರೆ ನಮ್ಮ ಮನೆಗೆ ಬಂದಾಗ ಯಾರೂ ಗಾಬರಿಯಾಗಲಿಲ್ಲ, ಯಾರ ಹುಬ್ಬೂ ಮೇಲೇರಲಿಲ್ಲ ಎಂಬುದನ್ನು ಮಾತ್ರ ನೆನಪಿನಲ್ಲಿಟ್ಟುಕೊಳ್ಳಿ.

ನಮ್ಮ ಮಗಳು ಟೊರಾಂಟೊದಲ್ಲಿದ್ದಾಳೆ. ಅವರ ಅಪಾರ್ಟ್‌ಮೆಂಟಿನ ಕೆಳಮನೆಯವರ ತಾಯಿಗೂ ಇದೇ ಕಾಯಿಲೆ, ಇದೇ ಸಂಜೆಯ ಕೂಗಾಟ. ಅವರಿಗೆ ಡಾಕ್ಟರು ನ್ಯಾಬಿಲೋನ್ ಎಂಬ ಗುಳಿಗೆ ಕೊಡುತ್ತಿದ್ದಾರೆ ಎಂದು ಮಗಳು ಫೋನಿನಲ್ಲಿ ಹೇಳಿದಳು. ಏನದು ಎಂದು ಕೇಳಿದೆ. ಆ ಕಡೆ ಒಂದು ಕ್ಷಣ ಸದ್ದಿಲ್ಲ. ಆಮೇಲೆ, "ಅಮ್ಮ, ಅದು ಗಾಂಜಾದಲ್ಲಿರೋ ವಸ್ತುವಿನ ಥರದ್ದೇ, ಲ್ಯಾಬಲ್ಲಿ ಮಾಡಿದ್ದು. ಬೈಬೇಡ" ಎಂದಳು.

ನಾನು ಬಯ್ಯಲಿಲ್ಲ. ಓದಿದೆ. ಎರಡು ತಿಂಗಳು ಓದಿದೆ. ಆಮೇಲೆ ಒಂದು ಕಾಗದದಲ್ಲಿ ಬರೆದುಕೊಂಡು ಡಾಕ್ಟರ ಬಳಿ ಹೋಗಿ ಕೇಳಿದೆ: ಸಾರ್, ಇಂಥದ್ದೊಂದು ಪ್ರಯೋಗ ಆಗಿದೆಯಂತೆ, ನಮ್ಮಲ್ಲಿ ಇದು ಇದೆಯೇ, ನಮ್ಮವರಿಗೆ ಆಗಬಹುದೇ? ಅವರು ಪೆನ್ನು ಕೆಳಗಿಟ್ಟರು. ಎದ್ದು ಹೋಗಿ ಬಾಗಿಲು ಮುಂದಕ್ಕೆ ತಳ್ಳಿ ಬಂದು ಕೂತರು. "ಟೀಚರ್ ಆಗಿದ್ದೋರು ನೀವು. ಇಂಥದ್ದೆಲ್ಲ ಇನ್ನೊಂದ್ಸಲ ಇಲ್ಲಿ ಮಾತಾಡಬೇಡಿ" ಎಂದರು. ಆಗದು ಎಂದಿದ್ದರೆ ಒಪ್ಪುತ್ತಿದ್ದೆ. ಸಾಕ್ಷ್ಯ ಸಾಲದು, ನಮ್ಮಲ್ಲಿ ಸಿಗದು, ಇವರ ಹೃದಯಕ್ಕೆ ಹೊಂದದು ಎಂದಿದ್ದರೂ ಒಪ್ಪುತ್ತಿದ್ದೆ. ಅವರು ಉತ್ತರವನ್ನೇ ಕೊಡಲಿಲ್ಲ. ಪ್ರಶ್ನೆ ಕೇಳಿದವಳನ್ನು ತಪ್ಪಿತಸ್ಥೆಯ ಹಾಗೆ ನೋಡಿದರು.

ಮನೆಯಲ್ಲೂ ಅಷ್ಟೆ. ಮೈದುನ ಹಬ್ಬಕ್ಕೆ ಬಂದಾಗ ಈ ಮಾತು ಕಿವಿಗೆ ಬಿತ್ತು. "ಅತ್ತಿಗೆ, ನಮ್ಮಣ್ಣನಿಗೆ ಗಾಂಜಾ ಕುಡಿಸ್ತೀರಾ?" ಎಂದು ಎಲೆಯ ಮುಂದಿನಿಂದ ಎದ್ದುಬಿಟ್ಟರು. ಅಣ್ಣ ತಮ್ಮನ್ನು ಓದಿಸಿದ್ದು, ತಮ್ಮ ಮದುವೆಗೆ ಸೊಸೈಟಿಯಲ್ಲಿ ಸಾಲ ತೆಗೆದಿದ್ದು ಎಲ್ಲ ನೆನಪಾಗಿ ಕಣ್ಣಲ್ಲಿ ನೀರು ತಂದುಕೊಂಡರು. ಅವರ ಪ್ರೀತಿಯ ಬಗ್ಗೆ ನನಗೆ ಸಂಶಯವಿಲ್ಲ. ಅದೇ ಮೈದುನ ರಿಸ್ಪೆರಿಡೋನ್ ಚೀಟಿ ಹಿಡಿದು ತಾವೇ ಮೆಡಿಕಲ್ ಶಾಪಿಗೆ ಹೋಗಿ ತಂದುಕೊಟ್ಟಿದ್ದರು.

ಈ ಹೆದರಿಕೆ ಎಲ್ಲಿಂದ ಬಂತು ಎಂದು ಯೋಚಿಸಿದ್ದೇನೆ. 2020ರ ಸೆಪ್ಟೆಂಬರಿನಲ್ಲಿ ಚಿತ್ರರಂಗದ ಮಾದಕವಸ್ತು ಪ್ರಕರಣ ನಮ್ಮ ಟೀವಿಗಳಲ್ಲಿ ಹಗಲು ರಾತ್ರಿ ಓಡಿತು. ಗಾಂಜಾ ಎಂಬ ಶಬ್ದ ಕೇಳಿದರೆ ಪೊಲೀಸ್ ಜೀಪು, ಮುಖ ಮುಚ್ಚಿಕೊಂಡ ಹುಡುಗರು ಕಣ್ಣಮುಂದೆ ಬರುವಂತಾಯಿತು. ಅದೇ ದಿನಗಳಲ್ಲಿ, ಯಾದಗಿರಿ ಜಿಲ್ಲೆಯ ತಿಂಥಣಿಯ ಮೌನೇಶ್ವರನ ಜಾತ್ರೆಯಲ್ಲಿ ಭಕ್ತರಿಗೆ ಅದನ್ನೇ ಪ್ರಸಾದವಾಗಿ ಕೊಡುವ ಪದ್ಧತಿಯ ಬಗ್ಗೆಯೂ ಪತ್ರಿಕೆಗಳಲ್ಲಿ ಬಂತು. ಒಂದೇ ಗಿಡ ಒಂದು ಕಡೆ ಪ್ರಸಾದ, ಇನ್ನೊಂದು ಕಡೆ ಪಾಪ. ಔಷಧವಾಗಿ ಅದು ಏನು ಎಂದು ವಿಚಾರಿಸುವ ಮೂರನೆಯ ಜಾಗ ನಮ್ಮಲ್ಲಿ ಇಲ್ಲ.

ಇರಲಿಲ್ಲ ಎನ್ನುವಂತೆಯೂ ಇಲ್ಲ. ನಮ್ಮ ಆಯುರ್ವೇದದಲ್ಲಿ ವಿಜಯಾ ಎಂಬ ಹೆಸರಿನಲ್ಲಿ ಇದೇ ಗಿಡದ ಎಲೆಯನ್ನು, ಅಂದರೆ ಭಂಗಿ ಸೊಪ್ಪನ್ನು, ಶೋಧಿಸಿ ಬಳಸುತ್ತಾರೆ. ಸೊಪ್ಪಿನ ಗುಣವನ್ನೂ ದೋಷವನ್ನೂ ಬಲ್ಲವರೇ ಅದನ್ನು ಶೋಧಿಸದೆ ಕೊಡಬಾರದು ಎಂದದ್ದು. 1839ರಲ್ಲಿ ಕಲ್ಕತ್ತೆಯಲ್ಲಿ ಓಶಾಘ್ನೆಸಿ ಎಂಬ ವೈದ್ಯ ಇದನ್ನು ಪರೀಕ್ಷಿಸಿ ಬರೆದ ಮೇಲೆಯೇ ಪಾಶ್ಚಾತ್ಯ ವೈದ್ಯಕ್ಕೆ ಇದರ ಪರಿಚಯ ಸರಿಯಾಗಿ ಆದದ್ದು. 1893–94ರಲ್ಲಿ ಬ್ರಿಟಿಷ್ ಸರ್ಕಾರ ಒಂದು ಆಯೋಗವನ್ನೇ ನೇಮಿಸಿ ಊರೂರು ಸುತ್ತಿಸಿ ಸಾಕ್ಷಿ ಕೇಳಿಸಿತು. ಮಿತವಾದ ಬಳಕೆಯಿಂದ ಹೆಚ್ಚಿನ ಕೆಡುಕಿಲ್ಲ, ಅತಿಯಾದರೆ ಕೆಡುಕು, ಪೂರ್ತಿ ನಿಷೇಧ ಬೇಡ ಎಂದು ಆ ಆಯೋಗ ಹೇಳಿತು. 1964ರಲ್ಲಿ ಇಸ್ರೇಲಿನ ರಫೇಲ್ ಮೆಶೂಲಮ್ ಮತ್ತು ಜೊತೆಗಾರರು ಗಿಡದ ಅಮಲೇರಿಸುವ ಅಂಶ ಟಿಎಚ್‌ಸಿಯನ್ನು ಬೇರ್ಪಡಿಸಿದರು. ಅದು ಮೆದುಳಿನಲ್ಲಿ ಕೂರಲು ಒಂದು ಜಾಗವಿದೆಯೆಂದರೆ ನಮ್ಮ ದೇಹವೇ ತಯಾರಿಸುವ ಅಂಥದ್ದೊಂದು ವಸ್ತು ಇರಬೇಕಲ್ಲ ಎಂದು ಹುಡುಕಿ 1992ರಲ್ಲಿ ಅದನ್ನೂ ಕಂಡರು. ಅದಕ್ಕಿಟ್ಟ ಹೆಸರು ಆನಂದಮೈಡ್. ನಮ್ಮ ಸಂಸ್ಕೃತದ ಆನಂದವೇ ಆ ಹೆಸರಿನಲ್ಲಿದೆ. ಪಾಠ ಹೇಳುತ್ತಿದ್ದಾಗ ಇದು ಗೊತ್ತಿದ್ದರೆ ಹತ್ತನೇ ತರಗತಿಯ ಮಕ್ಕಳಿಗೆ ಹೇಳುತ್ತಿದ್ದೆ. ಹಸಿವು, ನಿದ್ರೆ, ನೋವು, ಭಯ ಇವುಗಳನ್ನೆಲ್ಲ ಹದದಲ್ಲಿಡುವ ಒಂದು ವ್ಯವಸ್ಥೆ ನಮ್ಮೊಳಗೇ ಇದೆ. ಅಲ್ಝೈಮರ್‌ನ ಸಂಜೆಗಳಲ್ಲಿ ಹದ ತಪ್ಪುವುದೂ ಇವೇ ಅಲ್ಲವೇ ಎಂದು ವಿಜ್ಞಾನಿಗಳು ಕೇಳಿದ್ದು ಸಹಜ.

ಕೇಳಿ ಅವರಿಗೆ ಸಿಕ್ಕಿದ್ದೇನು? ಇಲ್ಲಿ ನಾನು ಯಾವುದನ್ನೂ ಉಬ್ಬಿಸಿ ಹೇಳಲಾರೆ. 2015ರಲ್ಲಿ ನೆದರ್ಲೆಂಡ್ಸಿನಲ್ಲಿ 50 ರೋಗಿಗಳಿಗೆ ಮೂರು ವಾರ, ದಿನಕ್ಕೆ ಒಟ್ಟು 4.5 ಮಿಲಿಗ್ರಾಂ ಟಿಎಚ್‌ಸಿ ಅಥವಾ ಹುಸಿಮಾತ್ರೆ ಕೊಟ್ಟು ನೋಡಿದರು. ಎರಡೂ ಗುಂಪಿಗೆ ವ್ಯತ್ಯಾಸವೇ ಕಾಣಲಿಲ್ಲ. ಔಷಧವನ್ನು ದೇಹ ತಡೆದುಕೊಂಡಿತು, ಅಷ್ಟೆ. 2019ರಲ್ಲಿ ಟೊರಾಂಟೊದ ಸನ್ನಿಬ್ರೂಕ್ ಆಸ್ಪತ್ರೆಯವರು ನ್ಯಾಬಿಲೋನ್ ಪ್ರಯೋಗ ಪ್ರಕಟಿಸಿದರು. ನಲವತ್ತಕ್ಕೂ ಕಡಿಮೆ ರೋಗಿಗಳು, 14 ವಾರ. ಅದರಲ್ಲಿ ಒಂದಷ್ಟು ವಾರ ಎಲ್ಲರಿಗೂ ಔಷಧ, ಒಂದಷ್ಟು ವಾರ ಹುಸಿಮಾತ್ರೆ. ತಳಮಳ ಸ್ಪಷ್ಟವಾಗಿ ಇಳಿಯಿತು. ಆದರೆ ಮಂಪರು ಹುಸಿಮಾತ್ರೆಯ ವಾರಗಳಲ್ಲಿ ನೂರಕ್ಕೆ 16 ಮಂದಿಗೆ ಇದ್ದದ್ದು ಔಷಧದ ವಾರಗಳಲ್ಲಿ 45ಕ್ಕೆ ಏರಿತು. 2022ರಲ್ಲಿ ಇಸ್ರೇಲಿನಲ್ಲಿ ಅಮಲೇರಿಸುವ ಅಂಶ ಕಡಿಮೆ, ಸಿಬಿಡಿ ಎಂಬ ಗಿಡದ ಇನ್ನೊಂದು ಅಂಶ ಹೆಚ್ಚು ಇರುವ ಎಣ್ಣೆಯನ್ನು 16 ವಾರ ಕೊಟ್ಟರು. ಎಣ್ಣೆ ಕುಡಿದ 40 ಮಂದಿಯಲ್ಲಿ 24 ಮಂದಿಗೆ ತಳಮಳ ಗಮನಿಸುವಷ್ಟು ಕಡಿಮೆಯಾಯಿತು, ಹುಸಿ ಎಣ್ಣೆಯ 20ರಲ್ಲಿ ಆರು ಮಂದಿಗೆ. ಈಚೆಗೆ ಅಮೆರಿಕದಲ್ಲಿ 75 ಮಂದಿಗೆ ಡ್ರೊನಾಬಿನಾಲ್ ಎಂಬ ಕೃತಕ ಟಿಎಚ್‌ಸಿ ಕೊಟ್ಟ ಪ್ರಯೋಗದಲ್ಲೂ ಮೂರು ವಾರದಲ್ಲಿ ತಳಮಳ ಸುಮಾರು ಮೂರನೇ ಒಂದು ಪಾಲು ಇಳಿದ ವರದಿ ಬಂದಿದೆ.

ಎಲ್ಲವೂ ಚಿಕ್ಕವು. 2021ರಲ್ಲಿ ಅಲ್ಲಿಯವರೆಗಿನ ಪ್ರಯೋಗಗಳನ್ನು ಒಟ್ಟಾಗಿ ತೂಗಿದ ಕಾಕ್ರೇನ್ ಸಮೀಕ್ಷೆಗೆ ಸಿಕ್ಕ ರೋಗಿಗಳು ಎಲ್ಲ ಸೇರಿ 126 ಮಂದಿ. ಉಪಯೋಗವಿದೆ ಎಂದಾಗಲಿ ಇಲ್ಲವೆಂದಾಗಲಿ ಖಚಿತವಾಗಿ ಹೇಳಲಾಗದು ಎಂದಿತು. ಅಪಾಯಗಳೂ ಇವೆ. ಮುದುಕರಲ್ಲಿ ಟಿಎಚ್‌ಸಿ ಗುಂಡಿಗೆ ಬಡಿತ ಏರಿಸಬಹುದು, ಎದ್ದಾಗ ತಲೆ ತಿರುಗಿಸಬಹುದು, ಇಲ್ಲದ್ದನ್ನು ಕಾಣಿಸಬಹುದು. ಸಿಬಿಡಿ ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಔಷಧದ ಪ್ರಭಾವ ಹೆಚ್ಚಿಸಿಬಿಡಬಹುದು. ಗಾಂಜಾ ಸೇವನೆಯಿಂದ ತುರ್ತು ಚಿಕಿತ್ಸೆಗೆ ದಾಖಲಾದವರಲ್ಲಿ ಮುಂದಿನ ವರ್ಷಗಳಲ್ಲಿ ಡಿಮೆನ್ಷಿಯಾ ಹೆಚ್ಚು ಕಂಡುಬಂದಿದೆ ಎಂದು ಕೆನಡಾದ ಆಂಟೇರಿಯೊ ಪ್ರಾಂತ್ಯದ ದಾಖಲೆಗಳಿಂದ 2025ರಲ್ಲಿ ತಿಳಿದುಬಂತು. ಇಷ್ಟನ್ನೂ ತಿಳಿದೇ ಬರೆಯುತ್ತಿದ್ದೇನೆ. ಇದು ಮರೆವನ್ನು ವಾಸಿ ಮಾಡುತ್ತದೆ ಎಂದು ವಾಟ್ಸಾಪಿನಲ್ಲಿ ಬರುವುದೆಲ್ಲ ಸುಳ್ಳು. ಗಾಂಜಾ ಸೇದುವುದಕ್ಕೂ ಅಳತೆ ಮಾಡಿದ ಗುಳಿಗೆಗೂ ಇರುವ ಅಂತರ, ಕಳ್ಳಿನ ಗಡಿಗೆಗೂ ಕೆಮ್ಮಿನ ಔಷಧದ ಸೀಸೆಗೂ ಇರುವ ಅಂತರಕ್ಕಿಂತ ದೊಡ್ಡದು.

ಔಷಧಕ್ಕೆ ಮೊದಲು ಮಾಡಬೇಕಾದದ್ದೂ ಬಹಳವಿದೆ, ಅದನ್ನೂ ಮರೆಸಬಾರದು. ಒಮ್ಮೆ ಮೂರು ದಿನ ಅವರು ಕೂಗಿದ ಕಾರಣ ಬರೀ ಮಲಬದ್ಧತೆ. ಇನ್ನೊಮ್ಮೆ ಮೂತ್ರದ ಸೋಂಕು. ನಾರ್ವೆಯ ವೃದ್ಧಾಶ್ರಮಗಳಲ್ಲಿ ನೋವಿಗೆ ಕ್ರಮವಾಗಿ ಔಷಧ ಕೊಟ್ಟಾಗಲೇ, ಬಹುತೇಕರಿಗೆ ಬರೀ ಪ್ಯಾರಸಿಟಮಾಲ್, ರೋಗಿಗಳ ತಳಮಳ ಇಳಿದದ್ದು 2011ರಲ್ಲಿ ಗೊತ್ತಾಯಿತು. ಹೇಳಲು ಬಾರದ ನೋವು ಅವರಲ್ಲಿ ಹೊಡೆತವಾಗಿ ಹೊರಗೆ ಬರುತ್ತದೆ. ಇದನ್ನು ನನಗೆ ಹೇಳಿಕೊಟ್ಟದ್ದು ಯಾವ ದೊಡ್ಡ ತಜ್ಞರೂ ಅಲ್ಲ, ವಾರಕ್ಕೊಮ್ಮೆ ಸ್ನಾನ ಮಾಡಿಸಲು ಬರುತ್ತಿದ್ದ ಒಬ್ಬ ನರ್ಸಮ್ಮ. "ಮೊಣಕಾಲು ಮುಟ್ಟಿದಾಗ ಅವರ ಮುಖ ನೋಡಿ ಅಮ್ಮಾ" ಎಂದಳು. ನೋಡಿದೆ. ಆರು ತಿಂಗಳಿನಿಂದ ಅವರು ಸಂಧಿನೋವಿನಲ್ಲಿದ್ದರು.

ಈಗ ನನ್ನನ್ನು ಈ ಪತ್ರ ಬರೆಯಲು ಕೂರಿಸಿದ ಸಂಗತಿ ಹೇಳುತ್ತೇನೆ. ಆಸ್ಪತ್ರೆಯ ಕಾರಿಡಾರಿನಲ್ಲಿ ಕಾಯುತ್ತಾ ಕಾಯುತ್ತಾ ನಮ್ಮಂಥವರಿಗೆ ಒಬ್ಬರಿಗೊಬ್ಬರು ಪರಿಚಯವಾಗುತ್ತದೆ. ಅಂಥ ಒಬ್ಬಾಕೆ, ಮಾವನನ್ನು ನೋಡಿಕೊಳ್ಳುವ ಸೊಸೆ, ನನ್ನನ್ನು ನೀರಿನ ನಲ್ಲಿಯ ಬಳಿ ಕರೆದು ಪಿಸುಮಾತಿನಲ್ಲಿ ಹೇಳಿದಳು. ರಾತ್ರಿಗಳನ್ನು ತಾಳಲಾರದೆ, ಯಾರೋ ತಂದುಕೊಟ್ಟ ಸೊಪ್ಪನ್ನು ತುಪ್ಪದಲ್ಲಿ ಹುರಿದು ಹಾಲಿಗೆ ಹಾಕಿ ಕೊಟ್ಟಿದ್ದಳು. ಮೊದಲ ದಿನ ಮುದುಕರು ಮಲಗಿದರು. ಎರಡನೆಯ ದಿನ ಏನೂ ಆಗಲಿಲ್ಲವೆಂದು ಇನ್ನಷ್ಟು ಹಾಕಿದಳು. ಬಾಯಿಂದ ಹೋದದ್ದು ಮೈಗೆ ಹತ್ತಲು ಒಂದೆರಡು ಗಂಟೆ ಬೇಕು ಎಂದು ಅವಳಿಗೆ ಯಾರು ಹೇಳಿದ್ದರು? ನಡುರಾತ್ರಿ ಗೋಡೆಯ ಮೇಲೆ ಹಾವು ಎಂದು ಕಿರುಚಿದರು, ಎದೆ ಹಾರತೊಡಗಿತು, ಮನೆಯವರು ಆಸ್ಪತ್ರೆಗೆ ಎತ್ತಿಕೊಂಡು ಓಡಿದರು. ಅಲ್ಲಿ ಡ್ಯೂಟಿ ಡಾಕ್ಟರು ಏನು ಕೊಟ್ಟಿರಿ ಎಂದು ಮೂರು ಸಲ ಕೇಳಿದರಂತೆ. ಮೂರು ಸಲವೂ ಏನಿಲ್ಲ ಎಂದಳಂತೆ. "ಹೇಳಿದ್ರೆ ಪೊಲೀಸ್ ಕರೀತಾರಲ್ಲ ಆಂಟಿ, ನಂಗೆ ಎರಡು ಹೆಣ್ಮಕ್ಕಳು" ಎಂದು ಅತ್ತಳು. ಮುದುಕರು ಉಳಿದರು. ಕಾರಣ ತಿಳಿಯದ ಆ ಡಾಕ್ಟರು ಕತ್ತಲಲ್ಲಿ ತಡಕಾಡಿ ಉಳಿಸಿಕೊಂಡರು.

ಬಾಯಿ ಮುಚ್ಚಿಸಿದರೆ ಗಿಡ ಮನೆಯಿಂದ ದೂರ ಉಳಿಯುತ್ತದೆ ಎಂದುಕೊಂಡಿದ್ದೇವೆ. ಅದು ಹಿತ್ತಿಲ ಬಾಗಿಲಿನಿಂದ ಬರುತ್ತಿದೆ, ಅಳತೆಯಿಲ್ಲದೆ, ಹೆಸರಿಲ್ಲದೆ. ಸ್ವಲ್ಪ ಅನುಕೂಲಸ್ಥರ ಮನೆಗೆ ಇಂಟರ್ನೆಟ್ಟಿನಿಂದ ಬರುತ್ತದೆ. ವಿಜಯಾ ಸೊಪ್ಪಿನ ಸಾರ ಎಂದು ಆಯುಷ್ ಪರವಾನಗಿಯಲ್ಲಿ ಮಾರುವ ಎಣ್ಣೆಗಳಿವೆ. ಫೋನಿನಲ್ಲಿ ಹತ್ತು ನಿಮಿಷ ಮಾತಾಡಿದರೆ ಚೀಟಿ, ನಾಲ್ಕು ದಿನಕ್ಕೆ ಪಾರ್ಸೆಲ್. ರೋಗಿಯನ್ನು ಕಣ್ಣಾರೆ ನೋಡಿದವರಿಲ್ಲ. ಅವರು ನುಂಗುವ ಬಿಪಿ ಮಾತ್ರೆ ಯಾವುದು, ರಕ್ತದ ಮಾತ್ರೆ ಯಾವುದು ಎಂದು ಕೂಡಿಸಿ ನೋಡುವವರಿಲ್ಲ. ನಮ್ಮ ಡಾಕ್ಟರಿಗೆ ಅದನ್ನು ಹೇಳುವಂತೆಯೂ ಇಲ್ಲ.

ಕಾನೂನು ಬಿಡುವುದಿಲ್ಲ ಎನ್ನುತ್ತಾರೆ. ಕಾನೂನನ್ನೂ ಓದಿದೆ. 1985ರ ಮಾದಕದ್ರವ್ಯ ಕಾಯ್ದೆ ಗಾಂಜಾ ಎನ್ನುವುದು ಗಿಡದ ಹೂವು ಕಾಯಿ ಬಿಡುವ ತುದಿಯನ್ನು. ತುದಿ ಜೊತೆಗಿಲ್ಲದ ಬೀಜ ಮತ್ತು ಎಲೆಯನ್ನು ಅದು ಹೊರಗಿಟ್ಟಿದೆ. 2022ರಲ್ಲಿ ನಮ್ಮ ಹೈಕೋರ್ಟೇ ಒಂದು ಜಾಮೀನು ಅರ್ಜಿಯಲ್ಲಿ ಭಂಗಿ ಆ ಕಾಯ್ದೆಯ ನಿಷೇಧದಡಿ ಬರುವುದಿಲ್ಲ ಎಂಬ ಅಭಿಪ್ರಾಯ ಕೊಟ್ಟಿತು. ಔಷಧ ನಿಯಮಗಳ ಇ(1) ಅನುಸೂಚಿಯಲ್ಲಿ ಭಂಗಿ ಇದೆ. ವೈದ್ಯರ ಉಸ್ತುವಾರಿಯಲ್ಲೇ ಸೇವಿಸಬೇಕು ಎಂಬ ಎಚ್ಚರಿಕೆಯೊಂದಿಗೆ. ಗಾಂಜಾವನ್ನು ಬಿಗಿಯಾಗಿ ತಡೆಯುವ 8ನೇ ಕಲಮಿನಲ್ಲೇ ವೈದ್ಯಕೀಯ ಮತ್ತು ವೈಜ್ಞಾನಿಕ ಉದ್ದೇಶ ಎಂಬ ಬಾಗಿಲು ಇದೆ, ಅದರ ಕೀಲಿಯನ್ನು 10ನೇ ಕಲಮು ರಾಜ್ಯ ಸರ್ಕಾರದ ಕೈಗೆ ಕೊಟ್ಟಿದೆ. ಮಾನ್ಯ ಸಚಿವರೆ, ಕೀಲಿ ದೆಹಲಿಯಲ್ಲಿ ಮಾತ್ರ ಇಲ್ಲ, ವಿಧಾನಸೌಧದಲ್ಲೂ ಇದೆ. 2020ರ ಡಿಸೆಂಬರ್ 2ರಂದು ವಿಶ್ವಸಂಸ್ಥೆಯ ಮಾದಕದ್ರವ್ಯ ಆಯೋಗ, 1961ರ ಒಪ್ಪಂದದ ಅತಿ ಕಠಿಣ ಪಟ್ಟಿಯಿಂದ ಈ ಗಿಡವನ್ನು ತೆಗೆಯಲು ಮತ ಹಾಕಿದಾಗ 27 ದೇಶ ಪರ, 25 ವಿರುದ್ಧ ಇದ್ದವು. ಆ 27ರಲ್ಲಿ ಭಾರತವೂ ಒಂದು. ಇದಕ್ಕೆ ಔಷಧದ ಗುಣವಿರಬಹುದು ಎಂದು ವಿಯೆನ್ನಾದಲ್ಲಿ ಕೈ ಎತ್ತಿದ ದೇಶದಲ್ಲಿ, ತುಮಕೂರಿನ ಒಬ್ಬ ಹೆಂಗಸು ಡಾಕ್ಟರ ಮುಂದೆ ಅದೇ ಮಾತನ್ನು ಬಾಗಿಲು ಮುಚ್ಚಿಸಿಕೊಂಡು ಕೇಳಬೇಕಾಯಿತು.

ಹೀಗೆ ಆದದ್ದು ಇದೇ ಮೊದಲಲ್ಲ. ಮಾರ್ಫಿನ್ ಕಥೆ ನೆನಪಿಸಿಕೊಳ್ಳಿ. 1985ರ ಅದೇ ಕಾಯ್ದೆ ಬಂದ ಮೇಲೆ ಲೈಸೆನ್ಸಿನ ಮೇಲೆ ಲೈಸೆನ್ಸು, ಲೆಕ್ಕ ತಪ್ಪಿದರೆ ಜೈಲು ಎಂಬ ಭಯದಲ್ಲಿ ಆಸ್ಪತ್ರೆಗಳು, ಔಷಧದಂಗಡಿಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. ಅಫೀಮು ಬೆಳೆದು ಪ್ರಪಂಚಕ್ಕೆ ಕಳಿಸುವ ದೇಶದಲ್ಲಿ ಕ್ಯಾನ್ಸರ್ ರೋಗಿಗಳು ನೋವಿನಿಂದ ನರಳಿ ಸತ್ತರು. ಕೇರಳದ ಡಾ. ಎಂ.ಆರ್. ರಾಜಗೋಪಾಲ್ ಅವರಂಥವರು ವರ್ಷಗಟ್ಟಲೆ ಬಾಗಿಲು ಬಡಿದ ಮೇಲೆ 2014ರಲ್ಲಿ ಸಂಸತ್ತು ಕಾಯ್ದೆಯನ್ನು ತಿದ್ದಿತು. ಅಗತ್ಯ ಮಾದಕ ಔಷಧ ಎಂಬ ಹೊಸ ವರ್ಗ ಬಂತು, ಮಾರ್ಫಿನ್ ಅದರಲ್ಲಿ ಸೇರಿತು. ನನ್ನ ತಾಯಿ ಸ್ತನದ ಕ್ಯಾನ್ಸರಿನಿಂದ ತೀರಿಕೊಂಡದ್ದು 1998ರಲ್ಲಿ. ಕೊನೆಯ ಹನ್ನೊಂದು ದಿನ ಅವರಿಗೆ ಸಿಕ್ಕಿದ್ದು ಸಾದಾ ನೋವಿನ ಮಾತ್ರೆ. ತಲೆದಿಂಬಿನ ಬಟ್ಟೆಯನ್ನು ಹಲ್ಲಿನಲ್ಲಿ ಕಚ್ಚಿ ಹರಿದಿದ್ದರು. ಮಾರ್ಫಿನ್ ಎಂದು ಕೇಳಿದ್ದಕ್ಕೆ ಆಗಲೂ ಒಬ್ಬ ಡಾಕ್ಟರು ನನ್ನ ತಮ್ಮನಿಗೆ ಇದೇ ಮಾತು ಹೇಳಿದ್ದರು: ಇಂಥದ್ದೆಲ್ಲ ಇಲ್ಲಿ ಮಾತಾಡಬೇಡಿ. ಒಂದು ಜನ್ಮದಲ್ಲಿ ಒಂದೇ ವಾಕ್ಯವನ್ನು ಎರಡು ಸಲ ಕೇಳಿಸಿಕೊಂಡವಳು ನಾನು. ತಾಯಿಗಾಗಿ ಕೇಳಿದಾಗ ಒಮ್ಮೆ, ಗಂಡನಿಗಾಗಿ ಕೇಳಿದಾಗ ಒಮ್ಮೆ.

ಹಾಗಾದರೆ ನಾನು ಏನು ಕೇಳುತ್ತಿದ್ದೇನೆ? ನಾಳೆಯೇ ನಮ್ಮ ಯಜಮಾನರಿಗೆ ನ್ಯಾಬಿಲೋನ್ ಕೊಡಿ ಎಂದಲ್ಲ. ಅವರ ಕಾಲ ಮುಗಿಯುತ್ತಾ ಬಂದಿದೆ. ಪ್ರಯೋಗ ಮುಗಿಯುವವರೆಗೆ ಅವರು ಇರುವುದಿಲ್ಲವೆಂದು ನನಗೆ ಗೊತ್ತು. ನಮ್ಮ ನೆಲದಲ್ಲಿ, ನಮ್ಮ ವೃದ್ಧರ ಮೇಲೆ, ಅವರ ಮನೆಯವರ ಒಪ್ಪಿಗೆ ಪಡೆದು, ಅಳತೆ ಗೊತ್ತಿರುವ ಔಷಧದಿಂದ ಸರಿಯಾದ ಒಂದು ಪ್ರಯೋಗ ಆಗಲಿ. ನಿಮ್ಹಾನ್ಸ್ ನಮ್ಮ ಊರಿಗೆ ಎರಡು ಗಂಟೆಯ ದಾರಿ. 2022ರಲ್ಲಿ ನಿಮ್ಹಾನ್ಸ್ ಜೊತೆ ಸೇರಿ ನಿಮ್ಮ ಇಲಾಖೆಯೇ ಮೆದುಳಿನ ಆರೋಗ್ಯದ ಕಾರ್ಯಕ್ರಮ ಆರಂಭಿಸಿ ಜಿಲ್ಲಾ ಆಸ್ಪತ್ರೆಗಳಲ್ಲಿ ಕ್ಲಿನಿಕ್ ತೆರೆಯಲು ಹೊರಟದ್ದು ನನ್ನಂಥವರಿಗೆ ದೇವರು ಕಣ್ಣು ಬಿಟ್ಟ ಹಾಗೆ ಆಗಿತ್ತು. ಆ ಕ್ಲಿನಿಕ್ಕುಗಳಲ್ಲೇ ಈ ಪ್ರಶ್ನೆಗೂ ಒಂದು ಕುರ್ಚಿ ಹಾಕಿ. ಪ್ರಯೋಗದಲ್ಲಿ ಇದು ಉಪಯೋಗವಿಲ್ಲವೆಂದು ಬಂದರೆ ಅದನ್ನೂ ಕನ್ನಡದಲ್ಲಿ ಬರೆದು ಎಲ್ಲರಿಗೂ ತಿಳಿಸಿ. ಆ ಸೊಸೆಯಂಥವರು ಹಾಲಿಗೆ ಸೊಪ್ಪು ಹಾಕುವುದನ್ನು ನಿಲ್ಲಿಸಲು ಅಷ್ಟಾದರೂ ಬೇಕು.

ಪ್ರಯೋಗಕ್ಕೆ ವರ್ಷಗಳು ಬೇಕು. ಅದಕ್ಕೆ ಕಾಯದೆ ಆಗಬೇಕಾದದ್ದೂ ಇದೆ. ರೋಗಿಯ ಮನೆಯವರು ಏನು ಕೊಟ್ಟೆವೆಂದು ನಿಜ ಹೇಳಿದರೆ ಆಸ್ಪತ್ರೆಯಿಂದ ಪೊಲೀಸರಿಗೆ ಫೋನು ಹೋಗುವುದಿಲ್ಲ ಎಂದು ಒಂದು ಸುತ್ತೋಲೆ ಹೊರಡಿಸಿ, ತುರ್ತು ಚಿಕಿತ್ಸಾ ವಿಭಾಗದ ಗೋಡೆಗೆ ಅಂಟಿಸಿ. ವಿಜಯಾ ಎಣ್ಣೆ ಮಾರುವವರು ಸೀಸೆಯಲ್ಲಿ ಟಿಎಚ್‌ಸಿ ಎಷ್ಟು, ಸಿಬಿಡಿ ಎಷ್ಟು ಎಂದು ದಪ್ಪ ಅಕ್ಷರದಲ್ಲಿ ಬರೆಯುವಂತೆ ಮಾಡಿ, ಡಿಮೆನ್ಷಿಯಾ ರೋಗಿಗೆ ಮುಖ ನೋಡದೆ ಚೀಟಿ ಕೊಡುವುದನ್ನು ನಿಲ್ಲಿಸಿ. ಮನೋವಿಕಾರದ ಮಾತ್ರೆ ಬರೆಯುವಾಗ 2005ರ ಆ ಎಚ್ಚರಿಕೆಯನ್ನು ಮನೆಯವರಿಗೆ ಬಾಯಿಬಿಟ್ಟು ಹೇಳುವುದು, ಎಷ್ಟು ವಾರ ಎಂದು ಚೀಟಿಯಲ್ಲಿ ಬರೆಯುವುದು ಕಡ್ಡಾಯವಾಗಲಿ. ಇದಕ್ಕೆಲ್ಲ ಹೊಸ ಕಾನೂನು ಬೇಕಿಲ್ಲ, ದುಡ್ಡೂ ಹೆಚ್ಚು ಬೇಕಿಲ್ಲ.

ಡಾಕ್ಟರುಗಳಿಗೆ ಒಂದು ಮಾತು. ನಿಮ್ಮ ಹೊರೆ ನನಗೆ ಗೊತ್ತು, ಹೊರಗೆ ಕೂತ ಎಂಬತ್ತು ಜನ ಗೊತ್ತು. ಗಾಂಜಾ ಎಂಬ ಶಬ್ದದಿಂದ ನಿಮ್ಮ ಮೇಲೆ ಎಲ್ಲಿ ಮಾತು ಬರುತ್ತದೋ ಎಂಬ ಆತಂಕವೂ ಅರ್ಥವಾಗುತ್ತದೆ. ಆದರೂ ನಮ್ಮಂಥವಳು ಕಾಗದದಲ್ಲಿ ಬರೆದುಕೊಂಡು ಬಂದು ಕೇಳಿದಾಗ ನಮ್ಮ ನಡತೆಯನ್ನು ಅಳೆಯಬೇಡಿ. ಬೇಡ ಎನ್ನುವುದಾದರೆ ಏಕೆ ಬೇಡ ಎಂದು ಎರಡು ಮಾತಿನಲ್ಲಿ ಹೇಳಿ. ಮನೆಗೆ ಬಂದು ಆ ಎರಡು ಮಾತನ್ನು ನಾನು ಮೈದುನನಿಗೂ ಹೇಳುತ್ತೇನೆ, ಮಗಳಿಗೂ ಹೇಳುತ್ತೇನೆ, ಕಾರಿಡಾರಿನ ಹೆಂಗಸಿಗೂ ಹೇಳುತ್ತೇನೆ.

ಐದೂ ಮುಕ್ಕಾಲಾಯಿತು. ಬೀದಿ ದೀಪ ಹತ್ತಿಕೊಂಡಿದೆ. ಅವರು ಕುರ್ಚಿಯಿಂದ ಎದ್ದು ನಿಂತು ಜೇಬು ತಡವಿಕೊಳ್ಳುತ್ತಿದ್ದಾರೆ. ಗೇಟಿಗೆ ಬೀಗ ಹಾಕಿ, ಟಿಕೆಟ್ಟಿನ ಕಟ್ಟು ಹುಡುಕಬೇಕು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕಿ
ತುಮಕೂರು